ಖಾಲಿ ಗಾಡಿಗೇ ತಪಾಸಣೆ ಜಾಸ್ತಿ

ಮಾಪ್ಸಾ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ತರಕಾರಿ ಹೋಲ್‌ಸೇಲ್ ಅಂಗಡಿ. ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಊರು ಖಾನಾಪುರ. ಬೆಳಗಿನ ಜಾವ ಈ ಓಣಿಗೆ ಬಂದರೆ ನೀವು ಗೋವಾದಲ್ಲಿದ್ದೀರಿ ಅನ್ನಿಸುವುದೇ ಇಲ್ಲ. ಚೀಲ ಇಳಿಸುವವರು ಬಾಗಲಕೋಟೆ, ವಿಜಯಪುರದವರು. ಗಾಡಿ ಹಿಂದಕ್ಕೆ ತೆಗೆಸುವವನು ‘ಬರ್ಲಿ, ಬರ್ಲಿ’ ಎಂದು ಕೂಗುವುದೂ ಕನ್ನಡದಲ್ಲೇ. ಶುಕ್ರವಾರದ ಸಂತೆಯ ದಿನವಂತೂ ಕಾಲಿಡಲು ಜಾಗವಿರುವುದಿಲ್ಲ.

ಬೆಳಗಾವಿಯಿಂದ ಇಲ್ಲಿಗೆ ಚೋರ್ಲಾ ಘಟ್ಟದ ಮೇಲೆ ನೂರು ಕಿ.ಮೀ. ಆಸುಪಾಸು. ಅಷ್ಟು ದಾರಿಯಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತದೆ. ಆದರೆ ನನ್ನ ಖಾತೆಯಲ್ಲಿ ಗಡಿ ಅಂತ ಒಂದು ಕಾಲಮ್ಮೂ ಇಲ್ಲ. ಬಾಡಿಗೆ ಇದೆ, ಹಮಾಲಿ ಇದೆ, ದಲಾಲಿ ಇದೆ, ಹಿಂದಿರುಗಿಸಬೇಕಾದ ಕ್ರೇಟಿನ ಲೆಕ್ಕ ಇದೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ದೇಶದಾದ್ಯಂತ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. ಆದರೆ ಮದ್ಯವನ್ನು ಜಿಎಸ್‌ಟಿಯಿಂದ ಹೊರಗಿಟ್ಟರು, ಹಾಗಾಗಿ ಅಬಕಾರಿ ನಾಕಾಗಳು ಉಳಿದುಕೊಂಡವು. ಅದರ ಪರಿಣಾಮ ಏನಾಯಿತು ಅಂತ ನಮ್ಮ ಡ್ರೈವರಣ್ಣನ ಬಾಯಲ್ಲೇ ಕೇಳಬೇಕು: “ಅಕ್ಕಾರ, ತುಂಬಿದ ಗಾಡಿ ಇಳದ ಬರುವಾಗ ಯಾರೂ ಕೇಳಂಗಿಲ್ರಿ. ಖಾಲಿ ಗಾಡಿ ಏರಿ ಹೊಂಟ್ವಿ ಅಂದ್ರ ಬ್ಯಾಟರಿ ಹಿಡ್ಕೊಂಡ ಬರ್ತಾರ.”

ನಿಜ. ಟನ್ನುಗಟ್ಟಲೆ ಮಾಲು ಹೊತ್ತು ಇಳಿಯುವ ಗಾಡಿಯ ತಾಡಪತ್ರಿ ಎತ್ತಿ ನೋಡುವವರಿಲ್ಲ. ಅದೇ ಗಾಡಿ ಖಾಲಿ ಕ್ರೇಟು ಹೊತ್ತು ಹತ್ತುವಾಗ ಸೀಟಿನ ಕೆಳಗೆ, ಸ್ಟೆಪ್ನಿ ಹಿಂದೆ, ಕ್ರೇಟಿನ ಸಂದಿಯಲ್ಲೆಲ್ಲ ಬ್ಯಾಟರಿ ಬೆಳಕು ಬೀಳುತ್ತದೆ. ಇಲ್ಲಿಯ ಬಾಟ್ಲಿಯ ದರಕ್ಕೂ ಮೇಲಿನ ದರಕ್ಕೂ ಅಷ್ಟು ವ್ಯತ್ಯಾಸ. ಡಿಸೆಂಬರ್ ಕೊನೆಯಲ್ಲಿ ಬಸ್ಸಿನಲ್ಲಿ ಊರಿಗೆ ಹೊರಟರೆ ನನ್ನ ಬ್ಯಾಗನ್ನೂ ಬಿಡುವುದಿಲ್ಲ. ತವರಿಗೆ ಒಯ್ಯುವ ಗೋಡಂಬಿ ಪೊಟ್ಟಣವನ್ನು ಒತ್ತಿ ನೋಡಿ ಕೊಡುತ್ತಾರೆ. ಒಂದೇ ರಸ್ತೆ, ಒಂದೇ ನಾಕಾ. ಟೊಮೆಟೊಗೆ ಅಲ್ಲಿ ಗಡಿಯೇ ಇಲ್ಲ, ಬಾಟ್ಲಿಗೆ ದೊಡ್ಡ ಗೋಡೆ.

ತರಕಾರಿಯ ಮಟ್ಟಿಗೆ ನಿಜವಾದ ಗಡಿ ಅಂದರೆ ಘಟ್ಟವೇ. ಗಾಡಿ ತುಂಬುವ ಕ್ರಮವನ್ನೇ ನೋಡಿ: ತಳಕ್ಕೆ ಬಟಾಟಿ, ಉಳ್ಳಾಗಡ್ಡಿ ಚೀಲ, ಅದರ ಮೇಲೆ ಕೋಬೀಜು, ಗಜ್ಜರಿ, ಆಮೇಲೆ ಟೊಮೆಟೊ ಕ್ರೇಟು, ಎಲ್ಲಕ್ಕೂ ಮೇಲೆ ಮೆಂತ್ಯ, ಕೊತ್ತಂಬರಿ, ಅವುಗಳ ಮೇಲೊಂದು ಒದ್ದೆ ಗೋಣಿತಾಟು. ಇಲ್ಲಿ ಗಾಡಿ ಬಿಚ್ಚಿದಾಗ ನಾನು ಮೊದಲು ನೋಡುವುದು ಕ್ರೇಟುಗಳ ಅಂಚನ್ನು. ಕ್ಯಾಬಿನ್ ಕಡೆಯ ಸಾಲಿನಲ್ಲಿ ಹಣ್ಣು ಜಜ್ಜಿದ್ದರೆ ಇಳಿಜಾರಿನಲ್ಲಿ ಬ್ರೇಕು ಜೋರಾಗಿ ಒತ್ತಿದ್ದಾರೆ ಅಂತ ಅರ್ಥ. ಬದಿಯ ಸಾಲಿನಲ್ಲಿ ರಸ ಸೋರುತ್ತಿದ್ದರೆ ತಿರುವಿನಲ್ಲಿ ಸ್ಪೀಡು ಕಡಿಮೆ ಮಾಡಿಲ್ಲ. ಡ್ರೈವರಣ್ಣನಿಗೂ ಇದು ಗೊತ್ತು. ನಾನು ಬಗ್ಗಿ ನೋಡುತ್ತಿದ್ದರೆ ಅವರು ಚಾ ಕುಡಿಯುವ ನೆಪದಲ್ಲಿ ಆಚೆ ಹೋಗುತ್ತಾರೆ.

ಮಡಗಾಂವ್ ಕಡೆಯವರು ಲೋಂಡಾ, ರಾಮನಗರ ದಾಟಿ ಅನಮೋಡ ಘಟ್ಟದಲ್ಲಿ ಮೊಲೆಂಗೆ ಇಳಿಯುತ್ತಾರೆ. ನಮ್ಮದು ಜಾಂಬೋಟಿ, ಕಣಕುಂಬಿ, ಚೋರ್ಲಾ, ಕೇರಿ, ಸಾಂಖಳಿ. ಮಳೆಗಾಲದಲ್ಲಿ ಯಾವುದಾದರೂ ಒಂದು ಕುಸಿದರೆ ಇನ್ನೊಂದರ ಮೇಲೆ ಎರಡರ ಭಾರ. ಆಗ ರೇಟು ನಿರ್ಧಾರ ಆಗುವುದು ಬೆಳಗಾವಿಯಲ್ಲೂ ಅಲ್ಲ, ಮಾಪ್ಸಾದಲ್ಲೂ ಅಲ್ಲ, ಯಾವುದೋ ತಿರುವಿನಲ್ಲಿ ಕೆಟ್ಟು ನಿಂತ ಲಾರಿಯಿಂದ.

ಈ ಇಳಿದು ಹತ್ತುವ ವ್ಯವಹಾರ ನಿನ್ನೆ ಮೊನ್ನೆಯದಲ್ಲ. ಮೊಲೆಂನಿಂದ ಸ್ವಲ್ಪ ಒಳಗೆ ಹೋದರೆ ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಇದೆ, ಕದಂಬರ ಕಾಲದ್ದು. ಗೋವಾದಲ್ಲಿ ಎಲ್ಲಿ ಅಗೆದರೂ ಸಿಗುವುದು ಕೆಂಪು ಜಂಬಿಟ್ಟಿಗೆ. ಆ ಗುಡಿ ಮಾತ್ರ ಕರಿಕಲ್ಲಿನದು. ಕಲ್ಲನ್ನು ಘಟ್ಟದ ಮೇಲಿನಿಂದ ತಂದರು ಅನ್ನುತ್ತಾರೆ. ಗೋವೆಯ ಕದಂಬರು ನಮ್ಮ ಖಾನಾಪುರದ ಪಕ್ಕದ ಹಲಸಿಯನ್ನೂ ಕೆಳಗಿನ ಕೊಂಕಣವನ್ನೂ ಒಟ್ಟಿಗೆ ಆಳಿದವರು. ಅವರಿಗೆ ಘಟ್ಟ ಅಂದರೆ ಮನೆಯೊಳಗಿನ ಮೆಟ್ಟಿಲು. ಈಗಲೂ ಗೋವಾ ಸರ್ಕಾರಿ ಬಸ್ಸಿನ ಮೈಮೇಲೆ ಅವರದೇ ಹೆಸರು.

ಮೆಟ್ಟಿಲಿಗೆ ಬಾಗಿಲು ಹಾಕಿದ್ದು ಆಮೇಲಿನವರು. ಬ್ರಿಟಿಷರ ಕಾಲದಲ್ಲಿ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಂತರೆ ಇವರ ಕಸ್ಟಮ್ಸ್, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. ಸ್ವಾತಂತ್ರ್ಯದ ನಂತರ 1955ರ ಹೊತ್ತಿಗೆ ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿ ರೈಲನ್ನೂ ನಿಲ್ಲಿಸಿತು. ಆಗ ಗೋವಾಕ್ಕೆ ಚಹಾ ಸಿಲೋನಿನಿಂದ, ಸಿಮೆಂಟು ಜಪಾನಿನಿಂದ, ಬಟಾಟಿ ಹಾಲೆಂಡಿನಿಂದ ಹಡಗಿನಲ್ಲಿ ಬಂತಂತೆ. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಘಟ್ಟದ ತುದಿಯಲ್ಲಿ ಬೆಳಗಾವಿಯ ಬಟಾಟಿ ಕೂತಿದೆ, ಪಣಜಿಯ ಅಡುಗೆಮನೆಯಲ್ಲಿ ಹಾಲೆಂಡಿನದು ಬೇಯುತ್ತಿದೆ! ಬಾಡಿಗೆ ಎಷ್ಟಾಗಿರಬಹುದು ಅಂತಲೇ ನನ್ನ ತಲೆ ಓಡಿತು. 1961ರ ಡಿಸೆಂಬರ್ 19ಕ್ಕೆ ಆ ಕಥೆ ಮುಗಿಯಿತು.

ಮತ್ತೆ ಬಾಗಿಲು ಬಿದ್ದದ್ದನ್ನು ನಾನೇ ನೋಡಿದೆ, 2020ರ ಮಾರ್ಚ್ ಕೊನೆಯಲ್ಲಿ. ಮೊದಲ ಕೆಲವು ದಿನ ದಿನಸಿ ಅಂಗಡಿಯೂ ಇಲ್ಲ, ತರಕಾರಿಯೂ ಇಲ್ಲ. ಆಮೇಲೆ ತರಕಾರಿ ಗಾಡಿಗೆ ಪಾಸು ಸಿಕ್ಕಿತು. ಗಾಜಿಗೆ ಕಾಗದ ಅಂಟಿಸಿಕೊಂಡು ಬೆಳಗಾವಿಯಿಂದ ಗಾಡಿಗಳು ಇಳಿಯತೊಡಗಿದವು. ಅದೇ ಹೊತ್ತಿಗೆ ನಮ್ಮ ಓಣಿಯ ಹಮಾಲರು, ಕಟ್ಟಡ ಕೆಲಸದವರು ಊರಿಗೆ ಹೋಗಲಾಗದೆ ಇಲ್ಲಿಯೇ ಸಿಕ್ಕಿಬಿದ್ದಿದ್ದರು. ವಿಜಯಪುರದ ಕಡೆಯ ಇಂಡಿ ತಾಲ್ಲೂಕಿನ ಒಬ್ಬ ಹಮಾಲ ಕೋಬೀಜಿನ ಚೀಲ ಇಳಿಸುತ್ತಾ “ಇದಕ್ಕ ಪಾಸ್ ಕೊಟ್ಟಾರ, ನನಗ ಯಾಕ ಕೊಡವಲ್ರು?” ಅಂದಿದ್ದ. ನನ್ನ ಹತ್ತಿರ ಉತ್ತರವಿರಲಿಲ್ಲ. ವಾಪಸ್ ಹೋಗುವ ಖಾಲಿ ಗಾಡಿಯಲ್ಲಿ ಕೂರಿಸಿ ಕಳಿಸೋಣ ಅಂದರೆ, ಮೊದಲೇ ಹೇಳಿದೆನಲ್ಲ, ಖಾಲಿ ಗಾಡಿಗೇ ತಪಾಸಣೆ ಜಾಸ್ತಿ.

ಗಿರಾಕಿಗಳಲ್ಲೂ ಒಂದು ನಾಕಾ ಇದೆ. ಸಂತೆಯಲ್ಲಿ ಬದನೆಕಾಯಿ ಕೈಗೆತ್ತಿಕೊಂಡು ‘ಗಾಂವ್ಠಿಯಾ?’ ಅಂತ ಕೇಳುತ್ತಾರೆ. ಊರಿನದ್ದಾದರೆ ಕೇಳಿದಷ್ಟು ದುಡ್ಡು. ಆಗಶಿಯ ಬದನೆ, ಖೋಲಾದ ಮೆಣಸಿನಕಾಯಿಗೆ ಆ ಮರ್ಯಾದೆ ಸಲ್ಲಬೇಕಾದ್ದೇ, ರುಚಿ ಹಾಗಿದೆ. ಬೆಳಗಾವಿಯದ್ದು ಅಂದರೆ ಚೌಕಾಸಿ ಶುರು. ಆದರೆ ಮನೆಯ ದಿನನಿತ್ಯದ ಅಡುಗೆಗೆ, ಹೋಟೆಲಿನ ಭಾಜಿಗೆ ಬೇಕಾಗುವುದು ಅದೇ. ತೋಟಗಾರಿಕೆ ನಿಗಮದ ಗೂಡಂಗಡಿಯಲ್ಲಿ ಸಬ್ಸಿಡಿ ದರಕ್ಕೆ ಮಾರುವ ತರಕಾರಿಯೂ ಬಹುತೇಕ ನಮ್ಮ ಕಡೆಯಿಂದಲೇ ಬರುತ್ತದೆ. ಬಾಡಿಗೆ ಮನೆ ಹುಡುಕುವಾಗ ನಮ್ಮನ್ನೂ ಬದನೆಕಾಯಿಯ ಹಾಗೇ ತಿರುಗಿಸಿ ನೋಡುತ್ತಾರೆ, ಇರಲಿ ಬಿಡಿ.

ಇನ್ನು ಮಹದಾಯಿ ನದಿ ನೀರಿನ ಜಗಳ. ಕಣಕುಂಬಿಯಲ್ಲಿ ಕಳಸಾ ನಾಲೆಯ ಕಾಮಗಾರಿಯ ಪಕ್ಕದಲ್ಲೇ ನಮ್ಮ ಗಾಡಿ ಹಾದುಬರುತ್ತದೆ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿದರೂ ಜಗಳ ಮುಗಿದಿಲ್ಲ. ನೀರಿನ ಮಾತು ಬಿಸಿಯಾದಾಗ ಮೊದಲು ನಿಲ್ಲುವುದು ಬಸ್ಸು. ಆಮೇಲೆ ‘ಗೋವಾಕ್ಕೆ ತರಕಾರಿ ಬಂದ್ ಮಾಡಿ’ ಅಂತ ಮೇಲಿನಿಂದ ಒಂದು ಕೂಗು ಏಳುತ್ತದೆ. ಹಾಗೆ ಕೂಗೆದ್ದ ಒಂದು ಸಂಜೆ ನಮ್ಮ ಸಾವಕಾರರು ಗಾಬರಿಯಲ್ಲಿ ಬೆಳಗಾವಿಯ ದಲಾಲರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ಉತ್ತರ ಸ್ಪೀಕರಿನಲ್ಲಿ ಇಡೀ ಅಂಗಡಿಗೇ ಕೇಳಿಸಿತು: “ಯಾರ ಏನರ ಅನ್ಲಿ ಸಾವಕಾರ್ರ, ಮಾಲು ಲೋಡ್ ಆಗೇತಿ. ಅನಮೋಡ ಮ್ಯಾಲಿಂದ ಕಳಸ್ತೀನಿ. ನೀವು ಹಿಂದಿನ ಬಾಕಿ ಹಾಕ್ರಿ ಮೊದಲ.”