ಇಎಫ್ 60 ಇದ್ದರೂ ನೋಡಬೇಕಾದ ಇನ್ನೊಂದು ಅಂಕಿ

ಥೈರಾಯ್ಡ್ ಕಡಿಮೆ ಇರುವವರು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸುತ್ತಾರೆ. ವರದಿಯ ಕೊನೆಯ ಸಾಲು ಹೆಚ್ಚಾಗಿ ಒಂದೇ ತರಹ ಇರುತ್ತದೆ: ಇಎಫ್ 60, ನಾರ್ಮಲ್. ಸಾಲು ಸುಳ್ಳಲ್ಲ. ಆದರೆ ಥೈರಾಯ್ಡ್ ಕೊರತೆ ಹೃದಯವನ್ನು ಮೊದಲು ಮುಟ್ಟುವ ಜಾಗವನ್ನು ಇಎಫ್ ಅಳೆಯುವುದೇ ಇಲ್ಲ.

ಇಎಫ್ ಹೇಳುವುದು ಇಷ್ಟೇ: ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಯಿತು ಎಂದು. ಗಂಡಸರಲ್ಲಿ 52, ಹೆಂಗಸರಲ್ಲಿ 54 ದಾಟಿದರೆ ಸರಿ ಎನ್ನುತ್ತೇವೆ. ಹೃದಯ ಮಾತ್ರ ಒಂದೇ ರೀತಿ ಸಂಕುಚಿಸುವುದಿಲ್ಲ. ಬುಡದಿಂದ ತುದಿಯ ಕಡೆಗೆ ಉದ್ದಕ್ಕೆ ಗಿಡ್ಡವಾಗುತ್ತದೆ, ಸುತ್ತಲೂ ಬಿಗಿಯುತ್ತದೆ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಉದ್ದಕ್ಕೆ ಎಳೆಯುವ ನಾರುಗಳು ಹೆಚ್ಚಾಗಿ ಒಳಪದರದಲ್ಲಿವೆ, ತೊಂದರೆ ಮೊದಲು ತಟ್ಟುವುದು ಅವಕ್ಕೆ. ಅವು ಸೋತಾಗ ಸುತ್ತು ನಾರುಗಳು ಆ ಕೆಲಸವನ್ನೂ ಹೊತ್ತುಕೊಳ್ಳುತ್ತವೆ, ಇಎಫ್ 60ರಲ್ಲೇ ನಿಂತಿರುತ್ತದೆ.

ಥೈರಾಯ್ಡ್‌ನ ಟಿ3 ಹಾರ್ಮೋನು ಹೃದಯದ ಜೀವಕೋಶದೊಳಗೆ ಕ್ಯಾಲ್ಸಿಯಂ ಪಂಪನ್ನು ನಡೆಸುತ್ತದೆ. ಸಂಕುಚನ ಮುಗಿದ ಮೇಲೆ ಕ್ಯಾಲ್ಸಿಯಂ ವಾಪಸ್ ಉಗ್ರಾಣಕ್ಕೆ ಹೋದರೆ ಮಾತ್ರ ಸ್ನಾಯು ಸಡಿಲಗೊಳ್ಳುತ್ತದೆ. ಟಿ3 ಕಡಿಮೆಯಾದರೆ ಪಂಪ್ ನಿಧಾನ, ಸಡಿಲಿಕೆಯೂ ನಿಧಾನ. ಜೊತೆಗೆ ರಕ್ತನಾಳಗಳು ಬಿಗಿಯಾಗಿ ಬಿಪಿಯ ಕೆಳಗಿನ ಅಂಕಿ ಏರುತ್ತದೆ. ಹಾಗಾಗಿ ಮೊದಲ ಸುಳಿವು ಸಿಗುವುದು ಎರಡು ಕಡೆ: ಸಡಿಲಿಕೆಯಲ್ಲಿ ಮತ್ತು ಉದ್ದದ ಸಂಕುಚನದಲ್ಲಿ.

ಉದ್ದದ ಸಂಕುಚನಕ್ಕೆ ಜಿಎಲ್ಎಸ್ (ಗ್ಲೋಬಲ್ ಲಾಂಗಿಟ್ಯುಡಿನಲ್ ಸ್ಟ್ರೇನ್) ಎಂಬ ಅಳತೆ ಇದೆ. ಎಕೋ ಚಿತ್ರದಲ್ಲಿ ಸ್ನಾಯುವಿನ ಮೇಲೆ ಕಾಣುವ ಚುಕ್ಕಿಗಳನ್ನು ಯಂತ್ರ ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸುತ್ತದೆ. ಅದೇ ಸ್ಪೆಕಲ್ ಟ್ರ್ಯಾಕಿಂಗ್. ಸ್ನಾಯು ಗಿಡ್ಡವಾಗುವುದರಿಂದ ಅಂಕಿ ಮೈನಸ್‌ನಲ್ಲಿ ಬರುತ್ತದೆ. ಮೈನಸ್ 20ರ ಆಸುಪಾಸು ಆರೋಗ್ಯ. ಮೈನಸ್ ಗುರುತು ಬಿಟ್ಟು ನೋಡಿದಾಗ 16ಕ್ಕಿಂತ ಕಡಿಮೆ ಇದ್ದರೆ ಖಂಡಿತ ಕುಗ್ಗಿದೆ. 16ರಿಂದ 18ರ ನಡುವೆ ಇದ್ದರೆ ಒಂದೇ ಸಲದ ಎಕೋ ನೋಡಿ ತೀರ್ಪು ಕೊಡಬಾರದು.

ಈ ಅಂಕಿ ಕೆಡುವುದು ಬಹುಪಾಲು ಚಿತ್ರ ತೆಗೆಯುವಾಗಲೇ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಇಸಿಜಿ ಗೆರೆ ಸ್ಪಷ್ಟವಾಗಿ ಬರುವಂತೆ ತಂತಿ ಹಚ್ಚಿ, ಉಸಿರು ಹೊರಬಿಟ್ಟು ಹಿಡಿದಾಗ ತುದಿಯ ಕಡೆಯಿಂದ ಮೂರು ನೋಟ ಬೇಕು: ನಾಲ್ಕು ಕೋಣೆ, ಎರಡು ಕೋಣೆ, ಮೂರು ಕೋಣೆ. ಪ್ರತಿಯೊಂದರಲ್ಲೂ ಮೂರು ಬಡಿತ. ಆಳ ಕಡಿಮೆ ಮಾಡಿ, ಅಗಲ ಕಿರಿದಾಗಿಸಿ, ಸೆಕೆಂಡಿಗೆ 50ರಿಂದ 80 ಚೌಕಟ್ಟು ಬರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ಚುಕ್ಕಿ ಯಂತ್ರದ ಕೈತಪ್ಪುತ್ತದೆ. ವಿಶ್ಲೇಷಣೆ ಮೂರು ಕೋಣೆಯ ನೋಟದಿಂದ ಶುರುವಾಗಲಿ. ಮಹಾಪಧಮನಿಯ ಕವಾಟ ಮುಚ್ಚುವ ಕ್ಷಣ ಅಲ್ಲೇ ಕಾಣುತ್ತದೆ. ಆ ಗುರುತು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಎದೆಯ ಮೇಲಿಡುವ ಪ್ರೋಬ್ ಹೃದಯದ ನಿಜವಾದ ತುದಿಯ ಮೇಲಿರದೆ ಒಂದು ಪಕ್ಕೆಲುಬು ಮೇಲಿದ್ದರೆ ಹೃದಯ ಮೊಟಕಾಗಿ ಕಾಣುತ್ತದೆ. ಆಗ ತುದಿಯ ಅಂಕಿ ಸುಮ್ಮನೆ ಚೆನ್ನಾಗಿ ಬಂದು ಕಾಯಿಲೆ ಮುಚ್ಚಿಹೋಗುತ್ತದೆ. ಇದಕ್ಕೆ ತದ್ವಿರುದ್ಧ ತಪ್ಪು ಗೆರೆ ಎಳೆಯುವುದರಲ್ಲಿ. ಹೊರಗೆರೆ ಹೃದಯದ ಹೊರಪೊರೆಯನ್ನು ಸೇರಿಸಿಕೊಂಡರೆ, ಅದು ಅಲುಗದ್ದರಿಂದ ಅಂಕಿ ಕುಸಿದು, ಇಲ್ಲದ ಕಾಯಿಲೆ ಹುಟ್ಟುತ್ತದೆ. ಥೈರಾಯ್ಡ್ ಕೊರತೆಯಲ್ಲಿ ಹೊರಪೊರೆಯೊಳಗೆ ನೀರು ಸೇರಿರುವುದು ಹೊಸದಲ್ಲ, ಹಾಗಾಗಿ ಯಂತ್ರ ತಾನಾಗಿ ಎಳೆದ ಗೆರೆಯನ್ನು ನಂಬದೆ ಕಣ್ಣಿಟ್ಟು ತಿದ್ದಬೇಕು. ಒಂದೇ ನೋಟದಲ್ಲಿ ಎರಡಕ್ಕಿಂತ ಹೆಚ್ಚು ಭಾಗಗಳನ್ನು ಯಂತ್ರ ಸರಿಯಾಗಿ ಹಿಂಬಾಲಿಸದಿದ್ದರೆ ಜಿಎಲ್ಎಸ್ ಬರೆಯದೇ ಇರುವುದು ಮೇಲು. ಕೆಟ್ಟ ಅಂಕಿಗಿಂತ ಖಾಲಿ ಜಾಗ ವಾಸಿ.

ಪ್ರತಿ ಭಾಗದ ಅಂಕಿಯನ್ನು ತೋರಿಸುತ್ತ ಬಣ್ಣದ ಗುರಿಹಲಗೆಯಂತೆ ಬರುವ ಚಿತ್ರವನ್ನೂ ನೋಡಿ. ಬುಡದ ಭಾಗಗಳೆಲ್ಲ ಕುಗ್ಗಿ ತುದಿ ಮಾತ್ರ ಕೆಂಪಗೆ ಚೆನ್ನಾಗಿದ್ದರೆ ಅಮಿಲಾಯ್ಡ್, ಅಂದರೆ ಹೃದಯದ ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ಸೇರಿಕೊಳ್ಳುವ ಕಾಯಿಲೆ, ನೆನಪಾಗಬೇಕು. ಇಸಿಜಿಯ ಅಲೆಗಳು ಚಿಕ್ಕದಾಗುವುದು, ಹೊರಪೊರೆಯಲ್ಲಿ ನೀರು, ದಪ್ಪ ನಾಲಿಗೆ ಈ ಕಾಯಿಲೆ, ಥೈರಾಯ್ಡ್ ಕೊರತೆ ಎರಡರಲ್ಲೂ ಇರಬಹುದಾದ್ದರಿಂದ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬಾರದು.

ಸಡಿಲಿಕೆ ನೋಡಲು ಟಿಶ್ಯೂ ಡಾಪ್ಲರ್, ಎಕೋದಲ್ಲೇ ಸ್ನಾಯು ಚಲಿಸುವ ವೇಗ ಅಳೆಯುವ ವಿಧಾನ. ಹೃದಯ ಸಡಿಲಗೊಳ್ಳುವಾಗ ಮೈಟ್ರಲ್ ಕವಾಟದ ಅಂಚು ಚಲಿಸುವ ವೇಗ (ಇ ಪ್ರೈಮ್) ನಡುಗೋಡೆಯ ಕಡೆ ಸೆಕೆಂಡಿಗೆ 7 ಸೆಂ.ಮೀ.ಗಿಂತ, ಹೊರಗೋಡೆಯ ಕಡೆ 10ಕ್ಕಿಂತ ಕಡಿಮೆ ಇದ್ದರೆ ಸಡಿಲಿಕೆ ನಿಧಾನವಾಗಿದೆ ಎನ್ನಬಹುದು. ವಯಸ್ಸಾದಂತೆ ಈ ವೇಗ ತಾನಾಗಿಯೇ ಇಳಿಯುವುದರಿಂದ 30ರವರಿಗೂ 70ರವರಿಗೂ ಒಂದೇ ಅಳತೆಗೋಲು ಹಿಡಿಯಬೇಡಿ.

ಎಕೋ ಮಾಡುವ ಹೊತ್ತಿನ ಬಿಪಿಯನ್ನು ವರದಿಯಲ್ಲಿ ಬರೆಯದಿರುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ಲೋಪ. ಬಿಪಿ ಏರಿದ್ದರೆ ಅದರ ಎದುರು ತಳ್ಳಬೇಕಾದ ಹೃದಯದ ಜಿಎಲ್ಎಸ್ ಕುಗ್ಗಿಯೇ ಕಾಣುತ್ತದೆ. 160/100 ಇದ್ದ ದಿನದ ಅಂಕಿಯನ್ನು 120/80 ಇದ್ದ ದಿನದ ಅಂಕಿಗೆ ಹೋಲಿಸಿ, ಥೈರಾಯ್ಡ್ ಮಾತ್ರೆಯಿಂದ ಹೃದಯ ಸುಧಾರಿಸಿತು ಎಂದರೆ ಅರ್ಥವಿಲ್ಲ. ಬೇರೆ ಕಂಪನಿಯ ಯಂತ್ರದ ಅಂಕಿಗೆ ಹೋಲಿಸುವುದೂ ಅಷ್ಟೇ.

ರಕ್ತಪರೀಕ್ಷೆಗಳಲ್ಲೂ ಮೋಸವಿದೆ. ಥೈರಾಯ್ಡ್ ಕೊರತೆಯಲ್ಲಿ ಮೈಯ ಸ್ನಾಯುಗಳಿಂದಲೇ ಸಿಕೆ ಎಂಬ ಕಿಣ್ವ ರಕ್ತದಲ್ಲಿ ಏರಿರುತ್ತದೆ, ಅದನ್ನು ನೋಡಿ ಹೃದಯಾಘಾತ ಎಂದು ಗಾಬರಿಬೀಳಬೇಕಿಲ್ಲ. ಹೃದಯಕ್ಕೆ ಒತ್ತಡವಾದಾಗ ಏರುವ ಬಿಎನ್‌ಪಿಯ ಉತ್ಪತ್ತಿಗೆ ಥೈರಾಯ್ಡ್ ಹಾರ್ಮೋನಿನ ಒತ್ತಾಸೆಯೂ ಬೇಕಾದ್ದರಿಂದ, ಅದು ಕಡಿಮೆ ಬಂದಿತೆಂದು ಹೃದಯ ನಿರಾಳ ಎನ್ನಲಾಗದು. ಕೂದಲು ಉದುರುತ್ತದೆಂದು ಹೆಚ್ಚು ಪ್ರಮಾಣದ ಬಯೋಟಿನ್ ತಿನ್ನುವವರಲ್ಲಿ, ಥೈರಾಯ್ಡ್ ಕೊರತೆಯಿದ್ದಾಗ ಏರುವ ಟಿಎಸ್ಎಚ್ ಇರುವುದಕ್ಕಿಂತ ಕಡಿಮೆ ಬರಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು.

ಹಾಗೆಂದು ಟಿಎಸ್ಎಚ್ 5 ಬಂದವರೆಲ್ಲ ಜಿಎಲ್ಎಸ್ ಅಳೆಯುವ ಸ್ಟ್ರೇನ್ ಎಕೋಗೆ ಓಡಬೇಕಿಲ್ಲ. 10 ದಾಟಿದವರು, ಜೊತೆಗೆ ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ಇಎಫ್ ಸರಿಯಿದ್ದೂ ಏದುಸಿರು ಬಿಡುವವರು: ಇವರಿಗೆ ಉಪಯೋಗ. 65 ದಾಟಿ ಟಿಎಸ್ಎಚ್ ಸ್ವಲ್ಪವೇ ಏರಿದವರ ಮೇಲೆ ಯುರೋಪಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಟ್ರಸ್ಟ್ ಪ್ರಯೋಗದಲ್ಲಿ ಮಾತ್ರೆಯಿಂದ ಸುಸ್ತು ಕಡಿಮೆಯಾಗಲಿಲ್ಲ. ಅದೇ ಪ್ರಯೋಗದ ಕೆಲವರ ಎಕೋ ನೋಡಿದಾಗ ಹೃದಯದ ಕೆಲಸದಲ್ಲೂ ವ್ಯತ್ಯಾಸ ಸಿಗಲಿಲ್ಲ. ವಯಸ್ಸಾದವರಿಗೆ ಮಾತ್ರೆ ಹೆಚ್ಚಾದರೆ ಹೃದಯ ತಾಳತಪ್ಪಿ ಬಡಿಯುವ ಅಪಾಯ ಬೇರೆ.

ಮಾತ್ರೆ ಬೇಕಾದಾಗ, ಹೃದಯದ ತೊಂದರೆ ಇರುವವರಿಗೆ ವೈದ್ಯರು 12.5ರಿಂದ 25 ಮೈಕ್ರೊಗ್ರಾಂನಿಂದ ಶುರುಮಾಡಿ 4ರಿಂದ 6 ವಾರಕ್ಕೊಮ್ಮೆ ಏರಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ. ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ 4 ಗಂಟೆ. ಪ್ರಮಾಣ ಬದಲಾದ 6ರಿಂದ 8 ವಾರಕ್ಕೆ ಟಿಎಸ್ಎಚ್. ಅದು ನೆಲೆಗೊಂಡು ಮೂರು ತಿಂಗಳಾದರೂ ಕಳೆದ ಮೇಲೆ ಎರಡನೇ ಎಕೋ, ಸಾಧ್ಯವಾದರೆ ಅದೇ ಯಂತ್ರದಲ್ಲಿ. ಕೀಮೋ ರೋಗಿಗಳ ನಿಗಾದಲ್ಲಿ ಬಳಸುವ ಲೆಕ್ಕ ಇಲ್ಲಿಗೂ ಒದಗುತ್ತದೆ: ಮೊದಲಿನ ಅಂಕಿಯ ಶೇಕಡ 15ರಷ್ಟು ಬದಲಾದರೆ ನಿಜವಾದ ಬದಲಾವಣೆ, ಅಂದರೆ 20 ಇದ್ದದ್ದು 17ಕ್ಕೆ ಇಳಿದರೆ. 18 ಇದ್ದದ್ದು 19 ಆದರೆ ಅದು ಅಳೆಯುವ ಕೈಯ ವ್ಯತ್ಯಾಸವೂ ಇರಬಹುದು. ವರದಿ ತೆಗೆದುಕೊಳ್ಳುವಾಗ ಜಿಎಲ್ಎಸ್ ಪಕ್ಕದಲ್ಲಿ ಯಂತ್ರದ ಹೆಸರು, ಆ ಹೊತ್ತಿನ ಬಿಪಿ, ನಾಡಿಬಡಿತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.