ಆಯಿಯ ಕಣ್ಣಿಗೆ ಸೂಜಿ

ಡಿಸೆಂಬರ್, ಅಡಿಕೆ ಸುಲಿತದ ಹೊತ್ತು. "ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ" ಅಂದಿದ್ದಳು ಆಯಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟುಗತ್ತಿ ಮುಂದೆ ಕೂತವಳು ಅಡಿಕೆಯನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು. ಅದನ್ನೂ ನಾನು ನೋಡಿದ್ದೆ. ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ಮನಾದೆ.

ಆಮೇಲೆ ಬಲಗಣ್ಣು ಕೆಂಪಾಯಿತು. ಅರ್ಧ ತಲೆ ಸಿಡಿಯುವ ನೋವು, ಜೊತೆಗೆ ವಾಂತಿ. ಪಿತ್ತ ಅಂತ ಮುರುಗಲ ಪಾನಕ ಕೊಟ್ಟೆವು, ಹಣೆಗೆ ಮುಲಾಮು ಹಚ್ಚಿದೆವು. ಹೀಗೇ ನಾಲ್ಕು ದಿನ ಕಳೆದೆವು. ಆ ನಾಲ್ಕು ದಿನ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶಿರಸಿಯಲ್ಲಿ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿದರು. ಕಣ್ಣಿನ ಒತ್ತಡ 48 ಇತ್ತು. ಸಾಮಾನ್ಯವಾಗಿ 10ರಿಂದ 21ರ ಒಳಗಿರಬೇಕು. ಹನಿ ಹಾಕಿ, ಮಾತ್ರೆ ನುಂಗಿಸಿ, ಈಗಲೇ ಹುಬ್ಬಳ್ಳಿಗೆ ಹೊರಡಿ ಅಂದರು. ಮುಂಡಗೋಡ ಮೇಲಿಂದ ಸುಮಾರು ನೂರು ಕಿಲೋಮೀಟರ್. ಗುಂಡಿ ಬಂದಾಗಲೆಲ್ಲ ಆಯಿ ಅಂಗೈಯಿಂದ ಕಣ್ಣು ಮುಚ್ಚಿ ಹಿಡಿಯುತ್ತಿದ್ದಳು. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಇಷ್ಟು ವರ್ಷದಿಂದ ಕೇಳುತ್ತಿರುವುದು ಇದಕ್ಕೇ ಅಲ್ವಾ?

ಹುಬ್ಬಳ್ಳಿಯ ಡಾಕ್ಟರು ಆಯಿಯ ಕಣ್ಣಿನ ಫೋಟೊ ದೊಡ್ಡದು ಮಾಡಿ ತೋರಿಸಿದರು. ಪಾಪೆಯ ಅಂಚಿನಲ್ಲಿ ಕೆಂಪು ನೂಲಿನಂಥ ರಕ್ತನಾಳಗಳು. ಅವು ಅಲ್ಲಿ ಇರಲೇಬಾರದು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆಗೆ ರಕ್ತ ಸಾಲುತ್ತಿಲ್ಲ. ಆ ಪರದೆ ಹೊಸ ನಾಳ ಬೆಳೆಸುವ ರಾಸಾಯನಿಕವನ್ನು ಹೊರಬಿಡುತ್ತದೆ. ಹಾಗೆ ಬೆಳೆದ ನಾಳಗಳು ಕಣ್ಣೊಳಗಿನ ನೀರು ಹರಿದುಹೋಗುವ ಮೂಲೆಯನ್ನೇ ಮುಚ್ಚಿಬಿಡುತ್ತವೆ. ನೀರು ನಿಂತು ಒತ್ತಡ ಏರುತ್ತದೆ. ಇದೂ ಗ್ಲಾಕೋಮಾನೇ, ಅಂದರೆ ಕಣ್ಣಿನ ನರ ಸಾಯಿಸುವ ಕಾಯಿಲೆ, ಬರೀ ಹನಿಯಿಂದ ಬಗ್ಗುವಂಥದ್ದಲ್ಲ. ಬೆವಾಸಿಜುಮ್ಯಾಬ್ ಅನ್ನುವ ಔಷಧಿಯನ್ನು ಕಣ್ಣಿನೊಳಗೇ ಚುಚ್ಚಬೇಕು, ಅದು ಆ ರಾಸಾಯನಿಕವನ್ನು ಕಟ್ಟಿಹಾಕುತ್ತದೆ ಅಂದರು.

ಒಪ್ಪಿಗೆ ಪತ್ರ ಓದುತ್ತಿದ್ದ ಅಪ್ಪನ ಕೈ ನಡುಗಿತು. ಅದರಲ್ಲಿ ಕ್ಯಾನ್ಸರ್ ಅನ್ನುವ ಶಬ್ದವಿತ್ತು. ಇದು ಮೊದಲು ಕರುಳಿನ ಕ್ಯಾನ್ಸರಿಗೆ ಬಂದ ಔಷಧಿ, 2005ರಿಂದ ಕಣ್ಣಿಗೂ ಬಳಸುತ್ತಿದ್ದಾರೆ, ಇವರಿಗೆ ಕ್ಯಾನ್ಸರ್ ಇಲ್ಲ ಅಂತ ಡಾಕ್ಟರು ಎರಡು ಸಲ ಬಿಡಿಸಿ ಹೇಳಿದ ಮೇಲೇ ಅಪ್ಪ ಸಹಿ ಹಾಕಿದ್ದು. ಹಾಗೆ ತಾಳ್ಮೆಯಿಂದ ಹೇಳಿದ್ದಕ್ಕೆ ಅವರಿಗೆ ನಾನು ಋಣಿ.

ಒಳಗೆ ಏನಾಯಿತು ಅಂತ ಆಯಿಯೇ ಆಮೇಲೆ ಹೇಳಿದಳು. ಮುಖದ ಮೇಲೆ ಬಟ್ಟೆ, ಒಂದು ಕಣ್ಣಿಗಷ್ಟೇ ಕಿಂಡಿ. ಮರಗಟ್ಟಿಸುವ ಹನಿ, ಕಂದು ಬಣ್ಣದ ಅಯೋಡಿನ್ ಹನಿ, ರೆಪ್ಪೆ ಮುಚ್ಚದಂತೆ ಕ್ಲಿಪ್. ಔಷಧಿ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು. "ಸೂಜಿಗಿಂತ ಆ ಕ್ಲಿಪ್ಪಿನ ತ್ರಾಸೇ ಜಾಸ್ತಿ" ಅಂದಳು. ಹೊರಗೆ ಬಂದಾಗ ಕಣ್ಣೆದುರು ಕಪ್ಪು ಗುಳ್ಳೆ ತೇಲುತ್ತಿತ್ತಂತೆ. ಅದು ಗಾಳಿಗುಳ್ಳೆ, ಒಂದೆರಡು ದಿನದಲ್ಲಿ ಹೋಗುತ್ತದೆ, ಆದರೆ ನೋವು ಹೆಚ್ಚಾದರೆ ಅಥವಾ ಮಂಜಾದರೆ ಒಂದು ಗಂಟೆಯೂ ಕಾಯಬೇಡಿ, ಸೋಂಕು ಇರಬಹುದು ಅಂತ ನರ್ಸ್ ಎಚ್ಚರಿಸಿದರು. ಆ ರಾತ್ರಿ ನಾನು ಮಲಗಲಿಲ್ಲ. ಆಯಿ ಮಾತ್ರ ಐದು ದಿನದ ನಂತರ ಮೊದಲ ಸಲ ನಿದ್ದೆ ಮಾಡಿದಳು.

ವಾರದ ಮೇಲೆ ಮತ್ತೆ ಹೋದಾಗ ಫೋಟೊದಲ್ಲಿ ಆ ಕೆಂಪು ನೂಲುಗಳಿರಲಿಲ್ಲ. ಹನಿಗಳ ಜೊತೆ ಒತ್ತಡ 24ಕ್ಕೆ ಇಳಿದಿತ್ತು. ಆದರೆ ಸೂಜಿಯ ಬಲ ಕೆಲವು ವಾರ ಮಾತ್ರ. ಅಷ್ಟರೊಳಗೆ ಪರದೆಗೆ ಲೇಸರ್ ಆಗಬೇಕಿತ್ತು, ಮೂರು ಸಲ ಹೋಗಿ ಮಾಡಿಸಿದೆವು. ಎಡಗಣ್ಣಿನ ಪರದೆಯೂ ಕೆಡಲು ಶುರುವಾಗಿತ್ತು, ಅದಕ್ಕೂ ಆಯಿತು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಯವಿಟ್ಟು ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಕಣ್ಣಿನ ಪರದೆ ನೋಡಿಸಿ. ಆಯಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಾವು ಮಾಡಿಸಿರಲಿಲ್ಲ.

ನರ ಸತ್ತಷ್ಟು ದೃಷ್ಟಿ ವಾಪಸ್ ಬರುವುದಿಲ್ಲ ಅಂತ ಮೊದಲೇ ಹೇಳಿದ್ದರು. ಮೊನ್ನೆ ಸಂಜೆ ದೀಪ ಹಚ್ಚಿ ಆಯಿ ಅಂಗಳದಲ್ಲಿ ನಿಂತು ಎಡಗಣ್ಣು ಮುಚ್ಚಿಕೊಂಡಳು.

"ಬಳೆ ಇಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕಟ್ಟೆ ಕಾಣ್ತದೆ. ತುಳಸಿ ಕಾಣೂದಿಲ್ಲ."