ಅಮ್ಮನನ್ನು ಊಟದ ಹೊತ್ತಲ್ಲಿ ಮಾತಾಡಿಸುವುದು ಹೇಗೆ?

"ಹಳೇ ಮಾತು ಎತ್ತಿದರೆ ಅಮ್ಮ 'ಅದೆಲ್ಲಾ ಈಗ ಯಾಕೆ ಬಿಡು' ಅಂತಾಳೆ. ಅಪ್ಪ ಕೈ ತೊಳೆದು ಎದ್ದೇ ಹೋಗ್ತಾರೆ. ಏನು ಮಾಡೋದು?" ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ.

ನಾವು ಕೇಳುವ ಪ್ರಶ್ನೆ ತೀರಾ ದೊಡ್ಡದಾಗಿರುತ್ತದೆ. 'ನಿನ್ನ ಬಾಲ್ಯ ಹೇಗಿತ್ತಮ್ಮ' ಅಂದರೆ 'ಕಷ್ಟ ಇತ್ತು, ಆದ್ರೂ ಚೆನ್ನಾಗಿತ್ತು' ಅನ್ನುವಲ್ಲಿಗೆ ಮುಗಿಯಿತು. ಅದರ ಬದಲು, 'ಆ ಮನೇಲಿ ಅಡುಗೆಮನೆ ಬಾಗಿಲು ದಾಟಿದರೆ ಎಡಗಡೆ ಏನಿತ್ತು?' ಎಂದು ಕೇಳಿ ನೋಡಿ.

ಕೇಳುವುದಕ್ಕಿಂತ ಬರೆಯುವುದು ಇನ್ನೂ ವಾಸಿ. ತಟ್ಟೆ ತೆಗೆದ ಮೇಲೆ ಒಂದು ಬಿಳಿ ಹಾಳೆ, ದಪ್ಪ ಗೆರೆಯ ಪೆನ್ನು ಇಟ್ಟುಕೊಂಡು ಆ ಮನೆಯ ನಕ್ಷೆಯನ್ನು ನೀವೇ ಗೀಚತೊಡಗಿ. ತಪ್ಪಾದರೆ ಲಾಭವೇ. 'ಅಯ್ಯೋ, ಬಾಗಿಲು ಅಲ್ಲಿರಲಿಲ್ಲ, ಕೊಡಿಲ್ಲಿ' ಎಂದು ಪೆನ್ನು ಕಿತ್ತುಕೊಂಡರೆ ಅರ್ಧ ಕೆಲಸ ಆಯಿತು. ಬಾಗಿಲಾದ ಮೇಲೆ ಕಿಟಕಿ, ಕಿಟಕಿ ಕೆಳಗೆ ಯಾರು ಮಲಗುತ್ತಿದ್ದರು, ಮಳೆ ಬಂದರೆ ಎಲ್ಲಿ ಸೋರುತ್ತಿತ್ತು, ಸೋರುವಲ್ಲಿಗೆ ಯಾವ ಪಾತ್ರೆ ಇಡುತ್ತಿದ್ದರು. ಜಾಗ ನೆನಪಾದರೆ ಅಲ್ಲಿದ್ದ ಜನ ಹಿಂದೆಯೇ ಬರುತ್ತಾರೆ. ವಯಸ್ಸಾದವರಿಗೆ ಸಾಮಾನ್ಯವಾಗಿ 10ರಿಂದ 30ರ ವಯಸ್ಸಿನ ಸಂಗತಿಗಳೇ ಹೆಚ್ಚು ನೆನಪಿರುತ್ತವೆ. ಹಾಗಾಗಿ ಆ ಅವಧಿಯ ಮನೆಯನ್ನೇ ಹಿಡಿಯಿರಿ.

ಫೋಟೋ ತರುವುದಾದರೆ ಐದಾರು ಸಾಕು. ಇಡೀ ಆಲ್ಬಂ ಕೊಟ್ಟರೆ ಪುಟ ತಿರುವಿ ಮುಚ್ಚಿಡುತ್ತಾರೆ. ನಿಮಗೆ ಗುರುತು ಸಿಗದ ಮುಖಗಳಿರುವ ಚಿತ್ರ ಆರಿಸಿ. ಗೊತ್ತಿರುವುದನ್ನೇ ಗೊತ್ತಿಲ್ಲದವರ ಹಾಗೆ ಕೇಳಿದರೆ ಅವರಿಗೆ ತಕ್ಷಣ ತಿಳಿಯುತ್ತದೆ.

ಇನ್ನು ಕೂರುವ ವಿಷಯ. ಎಷ್ಟೋ ಮನೆಗಳಲ್ಲಿ 'ಅಪ್ಪ ಮಾತಾಡಲ್ಲ' ಅನ್ನುವುದರ ಅರ್ಥ, ಅಪ್ಪನಿಗೆ ಸರಿಯಾಗಿ ಕೇಳಿಸುತ್ತಿಲ್ಲ. ವಯಸ್ಸಿನ ಜೊತೆ ಮೊದಲು ಕುಂದುವುದು ತೀಕ್ಷ್ಣ ಧ್ವನಿಯನ್ನು ಗ್ರಹಿಸುವ ಶಕ್ತಿ. ಮಾತು ಕೇಳುತ್ತದೆ, ಆದರೆ ಸ, ಶ, ತ ಮಸುಕಾಗಿ ಪದಗಳು ಕಲಸಿಹೋಗುತ್ತವೆ. ಕಿರುಚಿದರೆ ಉಪಯೋಗವಿಲ್ಲ. ಟಿವಿ, ಮಿಕ್ಸಿ ನಿಲ್ಲಿಸಿ, ಒಂದು ಮೀಟರ್ ಒಳಗೆ ಎದುರು ಕೂತು ಸ್ವಲ್ಪ ನಿಧಾನವಾಗಿ ಮಾತಾಡಿ. ಕಿಟಕಿಗೆ ಬೆನ್ನು ಹಾಕಬೇಡಿ. ಬೆಳಕು ನಿಮ್ಮ ಮುಖದ ಮೇಲೆ ಬಿದ್ದರೆ ಎಷ್ಟೋ ಮಾತನ್ನು ಅವರು ತುಟಿ ನೋಡಿಯೇ ಹಿಡಿಯುತ್ತಾರೆ. ಏಳೆಂಟು ಜನ ಸೇರಿದ ಊಟದಲ್ಲಿ ಇದು ಆಗುವ ಮಾತಲ್ಲ, ಇಬ್ಬರು ಅಥವಾ ಮೂವರಿರಲಿ.

ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಹಾಕಬೇಡಿ. ಉಸಿರಿಗೂ ಆಹಾರಕ್ಕೂ ಗಂಟಲು ಒಂದೇ, ಉತ್ತರಿಸುವ ಅವಸರದಲ್ಲಿ ನೆತ್ತಿಗೇರುತ್ತದೆ. ವಯಸ್ಸಾದವರಿಗೆ ಅದು ಬರೀ ಕೆಮ್ಮಿನಲ್ಲಿ ಮುಗಿಯಬೇಕೆಂದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮಾತಿನ ನೆಪದಲ್ಲಿ ಊಟ ತಡಮಾಡಬಾರದು. ಊಟ ಹೊತ್ತಿಗೆ ಸರಿಯಾಗಿ ಆಗಲಿ, ಆಮೇಲಿನ ಒಂದು ಗಂಟೆ ಖಾಲಿ ಇಟ್ಟುಕೊಳ್ಳಿ.

ಮಾತು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಮೂರಕ್ಕೇ ಮುಂದಿನ ಪ್ರಶ್ನೆ ಹಾಕುವುದು ನಮ್ಮೆಲ್ಲರ ಚಟ. ಇಸವಿ ತಪ್ಪು ಹೇಳಿದರೆ ತಿದ್ದಬೇಡಿ. ಒಮ್ಮೆ ತಿದ್ದಿಸಿಕೊಂಡವರು ಮುಂದಿನ ಮಾತನ್ನು ಅಳೆದು ತೂಗಿ ಆಡುತ್ತಾರೆ. ಕಣ್ಣು ತುಂಬಿಕೊಂಡರೆ ತಕ್ಷಣ ವಿಷಯ ಬದಲಿಸುವ ಅಗತ್ಯವಿಲ್ಲ. 'ಇವತ್ತಿಗೆ ಸಾಕಾ?' ಎಂದು ಕೇಳಿ, ಅವರು ಹೇಳಿದಂತೆ ಮಾಡಿ.

ದನಿ ದಾಖಲಿಸುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಕದ್ದು ಬೇಡ. ಫೋನನ್ನು ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳಿಸುತ್ತದೆ. ಮಡಚಿದ ಟವೆಲ್ ಮೇಲೆ, ಅವರಿಂದ ಒಂದೂವರೆ ಅಡಿ ದೂರದಲ್ಲಿ, ಏರೋಪ್ಲೇನ್ ಮೋಡ್ ಹಾಕಿ ಇಡಿ. 128 ಕೆಬಿಪಿಎಸ್ (ದನಿಯ ಗುಣಮಟ್ಟದ ಅಳತೆ) ಇಟ್ಟರೆ ಒಂದು ಗಂಟೆಯ ಮಾತು 60 ಎಂಬಿಗೂ ಕಡಿಮೆ, ಜಾಗದ ಚಿಂತೆ ಬೇಡ. ಫೈಲಿಗೆ ಅಂದೇ ದಿನಾಂಕ, ಹೆಸರು, ವಿಷಯ ಕೊಟ್ಟು ಎರಡು ಕಡೆ ಉಳಿಸಿ.

ನಕ್ಷೆಯ ಹಾಳೆಯನ್ನು ಎಸೆಯಬೇಡಿ. ಹಿಂಬದಿಯಲ್ಲಿ ದಿನಾಂಕವನ್ನು ಅವರ ಕೈಯಿಂದಲೇ ಬರೆಸಿ ಎತ್ತಿಡಿ. ಮುಂದಿನ ಸಲ ಊಟ ಆದ ಮೇಲೆ ಅದೇ ಹಾಳೆ ತನ್ನಿ, ಹಿತ್ತಿಲು ಇನ್ನೂ ಬಾಕಿ ಇರುತ್ತದೆ.